ಪಾದದ ಉರಿಗೆ ಮಾತ್ರೆ ನುಂಗುವ ಮುಂಚೆ ಸ್ಟ್ರಿಪ್ ಹಿಂಬದಿ ಓದಿ

ಸಕ್ಕರೆ ಕಾಯಿಲೆಯಿಂದ ಪಾದ ಉರಿ, ಜೋಮು ಇರುವವರಿಗೆ ಆಲ್ಫಾ ಲಿಪೋಯಿಕ್ ಆಸಿಡ್ ಇರುವ ಮಾತ್ರೆ ಬರೆದುಕೊಡುವುದು ಮಾಮೂಲು. ನಮ್ಮಮ್ಮನೂ ತೆಗೆದುಕೊಳ್ಳುತ್ತಾರೆ. ಮೊದಲ ವಾರ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿ, ಎದೆಯುರಿ, ವಾಕರಿಕೆ ಅಂತ ಕಾಫಿ ಲೋಟವನ್ನೂ ಆಚೆ ತಳ್ಳಿದ್ದರು. ಖಾಲಿ ಹೊಟ್ಟೆಯಲ್ಲಿ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ನಿಜ. ಆದರೆ ಹೊಟ್ಟೆ ಒಪ್ಪಬೇಕಲ್ವಾ? ಡಾಕ್ಟರನ್ನು ಕೇಳಿ ತಿಂಡಿ ಆದಮೇಲೆ ಕೊಟ್ಟೆವು. ಎರಡು ಇಡ್ಲಿ ಒಳಗೆ ಹೋದಮೇಲೆ ತಕರಾರಿಲ್ಲ. ಈ ಮಾತ್ರೆ ರಕ್ತದ ಸಕ್ಕರೆಯನ್ನೂ ಸ್ವಲ್ಪ ಇಳಿಸಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಶುರುವಿನಲ್ಲಿ ಆಗಾಗ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಿ.

ನನಗೆ ಜಾಸ್ತಿ ಯೋಚನೆ ಹತ್ತಿಸಿದ್ದು ಇಂಥ ಮಾತ್ರೆಗಳಲ್ಲಿ ಜೊತೆಗೆ ಸೇರಿರಬಹುದಾದ ವಿಟಮಿನ್ ಬಿ6. ಸ್ಟ್ರಿಪ್ ಮೇಲೆ ಪಿರಿಡಾಕ್ಸಿನ್ ಅಂತ ಇರುತ್ತದೆ. ಅದು ತಿಂಗಳುಗಟ್ಟಲೆ ಹೆಚ್ಚಾಗಿ ಸೇರಿದರೆ ನರಕ್ಕೇ ಪೆಟ್ಟು. ಮತ್ತೆ ಅದೇ ಜೋಮು, ಅದೇ ಉರಿ! ಕಾಯಿಲೆ ಜೋರಾಯಿತು ಅಂತ ಇನ್ನೊಂದು ಮಾತ್ರೆ ಸೇರಿಸುವವರೂ ಇದ್ದಾರೆ. ನರದ ಮಾತ್ರೆ, ಬಿ ಕಾಂಪ್ಲೆಕ್ಸ್, ಮಲ್ಟಿವಿಟಮಿನ್ ಮೂರರಲ್ಲೂ ಅದು ಇರಬಹುದು. ಮಿಲಿಗ್ರಾಂಗಳನ್ನು ಕೂಡಿಸಿ ನೋಡಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ದೊಡ್ಡವರಿಗೆ ದಿನದ ಗರಿಷ್ಠ ಮಿತಿಯನ್ನು 25ರಿಂದ 12 ಮಿಲಿಗ್ರಾಂಗೆ ಇಳಿಸಿತು. ನಿಮ್ಮ ಲೆಕ್ಕ ಅದನ್ನು ದಾಟಿದರೆ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕವರ್‌ಗೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ಬಿ ಕಾಂಪ್ಲೆಕ್ಸ್ ತೆಗೆದುಕೊಂಡಾಗ ಮೂತ್ರ ಗಾಢ ಹಳದಿಯಾದರೆ ಸುಮ್ನೆ ಹೆದರಬೇಡಿ, ಅದು ಬಿ2 ಬಣ್ಣ. ಮೈಮೇಲೆ ದದ್ದು ಎದ್ದರೆ ಮಾತ್ರ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ತಲೆಸುತ್ತು, ತೂಕಡಿಕೆ ಬರುತ್ತಿದ್ದರೆ ನರದ ಮಾತ್ರೆಯಲ್ಲಿ ಪ್ರೆಗಾಬಾಲಿನ್ ಸೇರಿದೆಯಾ ನೋಡಿ. ಅದು ವಿಟಮಿನ್ ಅಲ್ಲ, ನರದ ನೋವಿಗೆ ಕೊಡುವ ಔಷಧಿ, ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು.