ಗ್ಯಾಸ್ಟ್ರೋ, ಲಿವರ್ ಸ್ಪೆಷಲಿಸ್ಟ್‌ಗಳು ಸಿಎಂಇ ಮಾಡೋದು ಹೇಗೆ? ಕ್ರೆಡಿಟ್ ಆಮೇಲೆ ನೋಡ್ಕೊಳ್ಳಿ

ಸಿಎಂಇ, ಅಂದ್ರೆ ಡಾಕ್ಟರ್‌ಗಳು ಓದು ಮುಗಿದ ಮೇಲೂ ಕಲೀತಾ ಇರೋದು, ಅದಕ್ಕೆ ಕ್ರೆಡಿಟ್ ಅಂಕ ಸಿಗತ್ತೆ. ತುಂಬಾ ಜನ ಮಾಡೋದೇನಪ್ಪ ಅಂದ್ರೆ, ರಿಜಿಸ್ಟ್ರೇಷನ್ ರಿನ್ಯೂವಲ್ ಹತ್ರ ಬಂದಾಗ ಒಂದು ವೆಬಿನಾರ್ ಆನ್ ಮಾಡಿ ಮ್ಯೂಟಲ್ಲಿಟ್ಟು, ಪಕ್ಕದಲ್ಲಿ ಓಪಿಡಿ ನೋಡ್ತಾ, ಕೊನೇಲಿ ಕ್ವಿಜ್‌ಗೆ ಗೆಸ್ ಹೊಡೆದು ಸರ್ಟಿಫಿಕೇಟ್ ಇಳಿಸ್ಕೊಳ್ಳೋದು. ಕ್ರೆಡಿಟ್ ಸಿಗತ್ತೆ, ತಲೆಗೆ ಏನೂ ಹೋಗಲ್ಲ. ಇದನ್ನ ಉಲ್ಟಾ ಮಾಡಿ: ಮೊದಲು ನಿಮ್ಮ ಕೇಸ್‌ಗಳು, ಅದರಿಂದ ಟಾಪಿಕ್, ಕ್ರೆಡಿಟ್ ಕೊನೇಗೆ.

ಕೊಲೊನೋಸ್ಕೋಪಿ ಮಾಡೋರಾದ್ರೆ ನಿಮ್ಮ ಎಡಿಆರ್‌ನಿಂದಲೇ (ಅಡಿನೋಮಾ ಡಿಟೆಕ್ಷನ್ ರೇಟ್) ಶುರು ಮಾಡಿ, ಅಂದ್ರೆ ನೂರಕ್ಕೆ ಎಷ್ಟು ಜನರಲ್ಲಿ ಕನಿಷ್ಠ ಒಂದು ಅಡಿನೋಮಾ, ಅಂದ್ರೆ ಮುಂದೆ ಕ್ಯಾನ್ಸರ್ ಆಗಬಹುದಾದ ಗಡ್ಡೆ, ಸಿಕ್ತು ಅನ್ನೋ ಲೆಕ್ಕ. ಸ್ಕೋಪ್ ರಿಜಿಸ್ಟರ್ ತೆಗೆದು ಸಾಲಾಗಿ ಕೇಸ್ ತಗೊಳ್ಳಿ, ಚೆನ್ನಾಗಿರೋದನ್ನ ಆರಿಸ್ಕೋಬೇಡಿ, ಪಕ್ಕದಲ್ಲಿ ಪೆಥಾಲಜಿ ರಿಪೋರ್ಟ್ ಇಟ್ಕೊಳ್ಳಿ, ಯಾಕಂದ್ರೆ ಪಾಲಿಪ್ ತೆಗೆದ್ವಿ ಅಂದ್ರೆ ಅಡಿನೋಮಾ ಅಂತಲ್ಲ, ಹೈಪರ್‌ಪ್ಲಾಸ್ಟಿಕ್ ಅನ್ನೋ ಬೇರೆ ಥರದ ಪಾಲಿಪ್ ಇದರಲ್ಲಿ ಎಣಿಕೆಗೆ ಬರಲ್ಲ. ಅಮೆರಿಕದ ಸೊಸೈಟಿಗಳು 2015ರಲ್ಲಿ 25% ಇದ್ರೆ ಸಾಕು ಅಂದಿದ್ರು, 2024ರಲ್ಲಿ ಅದನ್ನ 35%ಗೆ ಏರಿಸಿದ್ರು, ಗಂಡಸರಲ್ಲಿ 40, ಹೆಂಗಸರಲ್ಲಿ 30. ನಾರ್ಮಲ್ ಕೊಲೊನೋಸ್ಕೋಪಿಯಲ್ಲಿ ಸ್ಕೋಪ್ ವಾಪಸ್ ಎಳೆಯೋ ಸರಾಸರಿ ಸಮಯವೂ 6 ನಿಮಿಷದಿಂದ 8ಕ್ಕೆ ಹೋಯ್ತು. ಸುಮ್ನೆ ನಂಬರ್ ಆಟ ಅಲ್ಲ ಇದು, 2014ರ ಒಂದು ದೊಡ್ಡ ಸ್ಟಡಿಯಲ್ಲಿ ಎಡಿಆರ್ 1% ಜಾಸ್ತಿ ಆದಾಗೆಲ್ಲ ಮುಂದೆ ಕ್ಯಾನ್ಸರ್ ಬರೋ ರಿಸ್ಕ್ 3% ಕಮ್ಮಿ ಕಂಡಿತ್ತು. ಸ್ವಂತ ನಂಬರ್ ನೋಡಕ್ಕೆ ಯಾರಿಗೂ ಮನಸ್ಸು ಬರಲ್ಲ ಬಿಡಿ, ಆದ್ರೂ ನೋಡಿ. ಕಮ್ಮಿ ಬಂದ್ರೆ ಏನು ಕಲೀಬೇಕು ಅನ್ನೋದು ತಾನಾಗೇ ಗೊತ್ತಾಗತ್ತೆ: ಪ್ರೆಪ್ (ಕರುಳು ಕ್ಲೀನ್ ಮಾಡಿಸೋದು) ಸರಿ ಇಲ್ವಾ, ರೈಟ್ ಕೋಲನ್ ಎರಡನೇ ಸಲ ನೋಡ್ತಿಲ್ವಾ, ಫ್ಲಾಟ್ ಲೀಷನ್ ಕಣ್ಣಿಗೆ ಬೀಳ್ತಿಲ್ವಾ.

ಲಿವರ್ ಕಡೆಯವರು ಒಂದು ಚಾರ್ಟ್ ಹಿಡ್ಕೊಂಡು ಪ್ರಶ್ನೆ ಬರೀರಿ. ಉದಾಹರಣೆಗೆ, ಕಾಂಪೆನ್ಸೇಟೆಡ್ ಸಿರೋಸಿಸ್ (ಲಿವರ್ ಗಟ್ಟಿಯಾಗಿದ್ರೂ ಇನ್ನೂ ಕೆಲ್ಸ ಮಾಡ್ತಿದೆ), ಲಿವರ್ ಎಷ್ಟು ಗಟ್ಟಿ ಅಂತ ಅಳೆಯೋ ಫೈಬ್ರೋಸ್ಕ್ಯಾನಲ್ಲಿ 17 ಕಿಲೋಪ್ಯಾಸ್ಕಲ್, ಪ್ಲೇಟ್‌ಲೆಟ್ 1.8 ಲಕ್ಷ. ವೇರಿಸಸ್ (ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ) ನೋಡಕ್ಕೆ ಎಂಡೋಸ್ಕೋಪಿ ಬೇಕಾ? ಫೈಬ್ರೋಸ್ಕ್ಯಾನ್ 20ಕ್ಕಿಂತ ಕಮ್ಮಿ, ಪ್ಲೇಟ್‌ಲೆಟ್ 1.5 ಲಕ್ಷಕ್ಕಿಂತ ಜಾಸ್ತಿ ಇದ್ರೆ ಎಂಡೋಸ್ಕೋಪಿ ಬಿಡಬಹುದು ಅಂತ ಬವೇನೋ 6 (ಪೋರ್ಟಲ್ ಪ್ರೆಷರ್ ಬಗ್ಗೆ ತಜ್ಞರ ಒಮ್ಮತದ ಸಲಹೆ) 2015ರಲ್ಲೇ ಹೇಳಿತ್ತು. ಆಮೇಲೆ ಬಂದ ಬವೇನೋ 7 ಇನ್ನೂ ಮುಂದೆ ಹೋಗಿ, ಪೋರ್ಟಲ್ ಪ್ರೆಷರ್ (ಲಿವರ್‌ಗೆ ಹೋಗೋ ರಕ್ತನಾಳದ ಒತ್ತಡ) ಗಣನೀಯವಾಗಿ ಏರಿರೋರಿಗೆ ಡಿಕಾಂಪೆನ್ಸೇಷನ್, ಅಂದ್ರೆ ಹೊಟ್ಟೇಲಿ ನೀರು ತುಂಬೋದು, ರಕ್ತಸ್ರಾವದಂಥದ್ದು, ತಡೆಯೋಕೆ ಕಾರ್ವೆಡಿಲಾಲ್ ಮಾತ್ರೆ ಯೋಚ್ನೆ ಮಾಡಿ ಅಂತು. ಈ ಥರ ಒಂದು ಪೇಷಂಟ್ ಮೇಲೆ ಓದಿದ್ದು ಮರೆಯಲ್ಲ, ನೂರು ಸ್ಲೈಡ್ ನೋಡಿದ್ರೂ ಹಾಗೆ ಉಳಿಯಲ್ಲ.

ಗೈಡ್‌ಲೈನ್ ಪೂರ್ತಿ ಓದಕ್ಕೆ ಟೈಮ್ ಇಲ್ಲ ಅಂದ್ರೆ ಶಿಫಾರಸುಗಳ ಟೇಬಲ್ ಓದಿ, ಹಳೇದಕ್ಕಿಂತ ಏನು ಬದಲಾಯ್ತು ನೋಡಿ. ಹೊಟ್ಟೆಯ ಎಚ್ ಪೈಲೋರಿ ಬ್ಯಾಕ್ಟೀರಿಯಾಗೆ 2024ರ ಎಸಿಜಿ (ಅಮೆರಿಕದ ಗ್ಯಾಸ್ಟ್ರೋ ಸೊಸೈಟಿ) ಗೈಡ್‌ಲೈನ್ 14 ದಿನದ ಬಿಸ್ಮತ್ ಕ್ವಾಡ್ರುಪಲ್, ಅಂದ್ರೆ ಬಿಸ್ಮತ್ ಸೇರಿ ನಾಲ್ಕು ಔಷಧಿ, ಮುಂದಿಟ್ಟಿದೆ, ಸೆನ್ಸಿಟಿವಿಟಿ ಗೊತ್ತಿಲ್ದೆ ಕ್ಲಾರಿಥ್ರೋಮೈಸಿನ್ ಇರೋ ಮೂರು ಔಷಧಿಯ ಟ್ರಿಪಲ್ ಬೇಡ ಅಂತಿದೆ. ನೀವು ಇನ್ನೂ ಆ ಹಳೇ ಟ್ರಿಪಲ್ ಕಿಟ್ಟೇ ಬರೀತಿದ್ರೆ ನಿಮ್ಮ ಮುಂದಿನ ಟಾಪಿಕ್ ಸಿಕ್ತು.

ಕಂಪನಿ ಸ್ಪಾನ್ಸರ್ ಮಾಡಿದ ಟಾಕ್ ಬೇಡ ಅನ್ನಲ್ಲ, ಆದ್ರೆ ಸ್ಪೀಕರ್‌ಗೆ ಯಾವ ಕಂಪನಿ ಜೊತೆ ಸಂಬಂಧ ಇದೆ ಅಂತ ಹೇಳೋ ಡಿಸ್‌ಕ್ಲೋಷರ್ ಸ್ಲೈಡ್ ಫಾಸ್ಟಾಗಿ ಓಡಿಸಿದ್ರೆ ಅಲ್ಲೇ ಎಚ್ಚರ ಆಗಿ. ಫ್ಯಾಟಿ ಲಿವರ್ ಉರಿಯೂತದ ಔಷಧಿ ರೆಸ್ಮೆಟಿರಾಮ್ ನೋಡಿ, 2024ರ ಮಾರ್ಚಲ್ಲಿ ಅಮೆರಿಕದ ಎಫ್‌ಡಿಎ ಅಪ್ರೂವಲ್ ಕೊಡ್ತು, ಆದ್ರೆ ಅದು ಆಕ್ಸಿಲರೇಟೆಡ್ (ಮುಂದಿನ ಸ್ಟಡಿ ಬರೋ ಮುಂಚೆ ಕೊಟ್ಟ) ಅಪ್ರೂವಲ್, ಬಯಾಪ್ಸಿ ಸುಧಾರಣೆ ಮೇಲೆ ಕೊಟ್ಟಿದ್ದು, ಸಿರೋಸಿಸ್ ಇಲ್ಲದ ಎಫ್2, ಎಫ್3 (ಲಿವರ್ ಕಲೆಯ ನಡುವಿನ ಹಂತಗಳು) ಪೇಷಂಟ್‌ಗಳಿಗೆ. ಈ ಮೂರು ಮಾತು ಸ್ಪೀಕರ್ ಬಾಯಿಂದ ಬರ್ಲಿಲ್ಲ ಅಂದ್ರೆ ಕೈ ಎತ್ತಿ ಕೇಳಿ.

ಕಾನ್ಫರೆನ್ಸ್‌ಗೆ ಹೋಗೋರು ಎಲ್ಲಾ ಹಾಲ್‌ಗೂ ಓಡಾಡ್ಬೇಡಿ, ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟ ಎರಡು ಮೂರು ಸೆಷನ್ ಸಾಕು, ಅಬ್‌ಸ್ಟ್ರಾಕ್ಟ್ (ಸ್ಟಡಿಯ ಸಾರಾಂಶ) ಕೇಳಿ ಬಂದು ಮಾರನೇ ದಿನವೇ ಪ್ರಿಸ್ಕ್ರಿಪ್ಷನ್ ಬದಲಾಯಿಸ್ಬೇಡಿ, ಪೂರ್ತಿ ಪೇಪರ್ ಬರ್ಲಿ. ಇನ್ನು ಇಎಸ್‌ಡಿ (ಸ್ಕೋಪಿಂದಲೇ ಗಡ್ಡೆ ಬಿಡಿಸಿ ತೆಗೆಯೋದು), ಇಯುಎಸ್ (ಸ್ಕೋಪ್ ತುದಿಯಲ್ಲಿ ಅಲ್ಟ್ರಾಸೌಂಡ್) ಥರದ್ದು ವಿಡಿಯೋ ನೋಡಿ ಬರಲ್ಲ, ಮಾಡೆಲ್ ಮೇಲೆ ಕೈ ಪಳಗಬೇಕು, ಆಮೇಲೆ ಸೀನಿಯರ್ ಪಕ್ಕ ನಿಂತು ಮಾಡ್ಬೇಕು.

ಕ್ರೆಡಿಟ್ ವಿಷ್ಯ ಇಷ್ಟೇ: ರಿಜಿಸ್ಟರ್ ಆಗೋ ಮುಂಚೆ ಆ ಕೋರ್ಸ್‌ನ ನಿಮ್ಮ ಮೆಡಿಕಲ್ ಕೌನ್ಸಿಲ್ ಒಪ್ಪತ್ತಾ ಕೇಳ್ಕೊಳ್ಳಿ, ಸರ್ಟಿಫಿಕೇಟ್ ಬಂದ ದಿನವೇ ದಿನಾಂಕ, ಗಂಟೆ ಸಮೇತ ಹೆಸರಿಟ್ಟು ಒಂದೇ ಫೋಲ್ಡರ್‌ಗೆ ಹಾಕಿ, ಆರು ತಿಂಗಳಿಗೆ ಎಡಿಆರ್ ಲೆಕ್ಕ ಮತ್ತೆ ಹಾಕಿ ಅದೇ ಫೋಲ್ಡರಲ್ಲಿ ಇಡಿ.