ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ಟಿಗೆ ಹೊಸ ಆಟ: ಚಿಪ್ ಅಳಿಸಿ ಮತ್ತೆ ಬರೆಯುವ ಬಗೆ

1990ರ ದಶಕದಲ್ಲಿ ನಮ್ಮ ಮನೆಗಳಲ್ಲಿ ಟಿವಿಗೆ ಜೋಡಿಸಿ ಆಡುತ್ತಿದ್ದ ವಿಡಿಯೋ ಗೇಮ್ ಪೆಟ್ಟಿಗೆಗಳಲ್ಲಿ ಹಲವು, ಜಪಾನಿನ ನಿಂಟೆಂಡೊ ಕಂಪನಿಯು 1983ರ ಜುಲೈ 15ರಂದು ಮಾರುಕಟ್ಟೆಗೆ ತಂದ ಫ್ಯಾಮಿಕಾಮ್ ಯಂತ್ರದ ನಕಲುಗಳಾಗಿದ್ದವು. ‘ಕ್ಯಾಸೆಟ್’ ಎಂದು ನಾವು ಕರೆಯುತ್ತಿದ್ದ ವಸ್ತುವಿನೊಳಗೆ ಟೇಪು ಇರುವುದಿಲ್ಲ ಎಂಬುದು ಅದನ್ನು ಒಮ್ಮೆಯಾದರೂ ಬಿಚ್ಚಿ ನೋಡಿದ ಎಲ್ಲರಿಗೂ ಗೊತ್ತು. ಅಲ್ಲಿ ಇರುವುದು ಒಂದು ಸಣ್ಣ ಬೋರ್ಡು, ಅದರ ಅಂಚಿನಲ್ಲಿ 60 ಲೋಹದ ಪಟ್ಟಿಗಳು ಮತ್ತು ಅಗ್ಗದ ಕ್ಯಾಸೆಟ್ಟಾದರೆ ನಡುವೆ ಕಪ್ಪು ಅಂಟಿನ ಒಂದು ಬೊಟ್ಟು. ಆ ಬೊಟ್ಟಿನೊಳಗೆ ಹುದುಗಿರುವ ಆಟವನ್ನು ಬದಲಿಸಲು ಸಾಧ್ಯವಿಲ್ಲ. ಆದರೆ ಕಾಲುಗಳುಳ್ಳ ಬಿಡಿ ಚಿಪ್‌ಗಳನ್ನು ಹಾಕಿ ನಾವೇ ಕಟ್ಟಿಕೊಳ್ಳುವ ಕ್ಯಾಸೆಟ್ಟಿನಲ್ಲಿ, ಬೇಡವಾದ ಆಟವನ್ನು ಅಳಿಸಿ ಬೇರೊಂದನ್ನು ಬರೆಯಬಹುದು. ಬರೆಯುವ ಕೆಲಸವನ್ನು ಪ್ರೋಗ್ರಾಮರ್ ಎಂಬ ಬರೆಯುವ ಯಂತ್ರವು ನಿಮಿಷದೊಳಗೆ ಮುಗಿಸುತ್ತದೆ. ಕೆಡುವುದು ಬಹುತೇಕ ಅದಕ್ಕೆ ಮುಂಚಿನ ಸಿದ್ಧತೆಯಲ್ಲಿ. ಆದ್ದರಿಂದ ಈ ಲೇಖನದಲ್ಲಿ ಸಿದ್ಧತೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಾವ ಆಟವನ್ನು ಬರೆಯಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯು ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿಯ ಸಾಲಿನಲ್ಲೇ ಇರಿಸಿದೆ. ಹಳೆಯ ಆಟ ಎಂದ ಮಾತ್ರಕ್ಕೆ ಅದು ಯಾರ ಸೊತ್ತೂ ಅಲ್ಲ ಎಂದಾಗುವುದಿಲ್ಲ. ಹವ್ಯಾಸಿಗಳು ಈ ಯಂತ್ರಕ್ಕಾಗಿ ಇಂದಿಗೂ ಹೊಸ ಆಟಗಳನ್ನು ಬರೆಯುತ್ತಿದ್ದು, ಅವುಗಳಲ್ಲಿ ಕೆಲವನ್ನು ಮುಕ್ತವಾಗಿ ಹಂಚಿದ್ದಾರೆ. 2019ರಲ್ಲಿ ಬಂದ ‘ಮೈಕ್ರೋ ಮೇಜಸ್’ ಎಂಬ ಆಟವು ನಾಲ್ವರು ಒಟ್ಟಿಗೆ ಆಡುವಂಥದ್ದಾಗಿದ್ದರೂ ಕೇವಲ 40 ಕಿಲೋಬೈಟಿನೊಳಗೆ ಅಡಗಿದೆ ಎಂಬುದು, ಈ ಸಣ್ಣ ಜಾಗದಲ್ಲಿ ಎಷ್ಟು ಸಾಧ್ಯ ಎಂಬುದಕ್ಕೆ ಸಾಕ್ಷಿ. ಸಿಸಿ65 ಎಂಬ ಉಚಿತ ಸಾಧನದಿಂದ ಸ್ವಂತ ಆಟವನ್ನೇ ಬರೆದುಕೊಳ್ಳುವವರಿಗಂತೂ ಯಾರ ಅಪ್ಪಣೆಯೂ ಬೇಡ. ಹಂಚಲು ಅನುಮತಿಯಿಲ್ಲದ ಆಟವನ್ನು ಚಿಪ್‌ಗೆ ಬರೆದು, ಅಸಲಿ ಕ್ಯಾಸೆಟ್ಟಿನಂತೆಯೇ ಚೀಟಿ ಅಂಟಿಸಿ ಮಾರುವುದು ಹವ್ಯಾಸವಲ್ಲ, ಮೋಸ. ಬೋರ್ಡಿಗಾಗಿ ಅಪರೂಪದ ಅಸಲಿ ಕ್ಯಾಸೆಟ್ಟನ್ನು ಹಾಳುಮಾಡುವುದೂ ಬೇಡ. ಖಾಲಿ ಬೋರ್ಡುಗಳು ಬಿಡಿಯಾಗಿ ದೊರೆಯುತ್ತವೆ.

ಒಳಗೆ ಎರಡು ಚಿಪ್

ಕಲಿಯುವವರಿಗೆ ಎನ್‌ರೋಮ್ ಎಂಬ ಅತ್ಯಂತ ಸರಳ ಬಗೆಯ ಬೋರ್ಡೇ ಸೂಕ್ತ. ಇದರಲ್ಲಿ ಎರಡು ಚಿಪ್‌ಗಳಿರುತ್ತವೆ. ಒಂದರಲ್ಲಿ ಪ್ರೋಗ್ರಾಂ, ಗರಿಷ್ಠ 32 ಕಿಲೋಬೈಟ್. ಇನ್ನೊಂದರಲ್ಲಿ ತೆರೆಯ ಮೇಲೆ ಮೂಡುವ ಚಿತ್ರದ ತುಣುಕುಗಳು, 8 ಕಿಲೋಬೈಟ್. ಪ್ರೋಗ್ರಾಂ ಚಿಪ್ಪನ್ನು ಯಂತ್ರದ ಮುಖ್ಯ ಪ್ರೊಸೆಸರ್ ಓದುತ್ತದೆ, ಚಿತ್ರದ ಚಿಪ್ಪನ್ನು ಪ್ರತ್ಯೇಕವಾದ ಚಿತ್ರ ಪ್ರೊಸೆಸರ್ ನೇರವಾಗಿ ಓದುತ್ತದೆ. ಒಂದರ ಸಂಸಾರಕ್ಕೆ ಇನ್ನೊಂದು ಕೈಹಾಕುವುದಿಲ್ಲ. ಮುಂದೆ ದೋಷ ಹುಡುಕುವಾಗ ಈ ವಿಂಗಡಣೆಯೇ ನಮ್ಮ ಕೈಹಿಡಿಯುತ್ತದೆ.

ಯಾವ ಚಿಪ್ ಕೊಳ್ಳಬೇಕು

ಕಾರ್ಖಾನೆಯ ಕ್ಯಾಸೆಟ್ಟುಗಳಲ್ಲಿ ಇದ್ದದ್ದು ತಯಾರಿಕೆಯ ಹೊತ್ತಿಗೇ ಆಟವು ಅಚ್ಚಾಗಿಬಿಡುವ ಚಿಪ್. ಅದರ ಜಾಗಕ್ಕೆ ನಾವು ಹಾಕುವುದು 27 ಸರಣಿಯ ಇಪ್ರೋಮ್. ಇಂಟೆಲ್ ಕಂಪನಿಯ ಡೋವ್ ಫ್ರೋಮನ್ 1971ರಲ್ಲಿ ರೂಪಿಸಿದ ಈ ಬಗೆಯ ಚಿಪ್‌ನಲ್ಲಿ, ಸುತ್ತಲೂ ನಿರೋಧಕ ಪದರವಿರುವ ಒಂದು ಪುಟ್ಟ ‘ತೇಲುವ ದ್ವಾರ’ದೊಳಕ್ಕೆ ಹೆಚ್ಚಿನ ವೋಲ್ಟೇಜಿನಿಂದ ಎಲೆಕ್ಟ್ರಾನುಗಳನ್ನು ನುಗ್ಗಿಸಿ ಕೂರಿಸಲಾಗುತ್ತದೆ, ವಿದ್ಯುತ್ ತೆಗೆದರೂ ಅವು ವರ್ಷಗಟ್ಟಲೆ ಅಲ್ಲೇ ಉಳಿಯುತ್ತವೆ. ಖಾಲಿ ಚಿಪ್‌ನ ಪ್ರತಿಯೊಂದು ಬಿಟ್ಟೂ 1 ಆಗಿರುತ್ತದೆ. ಬರೆಯುವುದೆಂದರೆ ಬೇಕಾದ ಕಡೆ ಆ 1ನ್ನು 0 ಮಾಡುವುದು. 0 ಆದದ್ದನ್ನು ಮತ್ತೆ 1 ಮಾಡಬೇಕಿದ್ದರೆ ಇಡೀ ಚಿಪ್ಪನ್ನೇ ಅಳಿಸಬೇಕು, ಬೇರೆ ದಾರಿಯಿಲ್ಲ.

ಎನ್‌ರೋಮ್ ಬೋರ್ಡಿನ ಪ್ರೋಗ್ರಾಂ ಜಾಗಕ್ಕೆ 32 ಕಿಲೋಬೈಟಿನ 27ಸಿ256, ಚಿತ್ರದ ಜಾಗಕ್ಕೆ 8 ಕಿಲೋಬೈಟಿನ 27ಸಿ64 ಹೊಂದುತ್ತವೆ. ಎರಡಕ್ಕೂ 28 ಕಾಲುಗಳು. ಹೆಸರಿನ ಕೊನೆಯಲ್ಲಿ 15 ಎಂದಿದ್ದರೆ ಕೇಳಿದ ಬೈಟನ್ನು ಕೊಡಲು ಚಿಪ್‌ಗೆ 150 ನ್ಯಾನೋಸೆಕೆಂಡ್ ಬೇಕು, 12 ಎಂದಿದ್ದರೆ 120 ಎಂದರ್ಥ. ಫ್ಯಾಮಿಕಾಮ್‌ಗೆ ಎರಡೂ ಧಾರಾಳವಾಯಿತು. ಬೆನ್ನ ಮೇಲೆ ಗಾಜಿನ ಕಿಂಡಿಯಿರುವುದನ್ನೇ ಆರಿಸಿ. ಕಿಂಡಿಯಿಲ್ಲದ ಪ್ಲಾಸ್ಟಿಕ್ ಮೈಯ 27ಸಿ256 ಒಮ್ಮೆ ಮಾತ್ರ ಬರೆಯಬಹುದಾದ ಚಿಪ್ ಆಗಿದ್ದು, ತಪ್ಪಿದರೆ ಕಸದಬುಟ್ಟಿಗೇ ಹೋಗಬೇಕು.

ಇಷ್ಟಾದರೂ, ಹೊಸದಾಗಿ ಶುರುಮಾಡುವವರಿಗೆ ನನ್ನ ಸಲಹೆ ಬೇರೆ: ಎರಡೂ ಜಾಗಕ್ಕೆ ವಿನ್‌ಬಾಂಡ್ ಕಂಪನಿಯ ಡಬ್ಲ್ಯು27ಸಿ512 ಕೊಳ್ಳಿ. ಅದು 64 ಕಿಲೋಬೈಟಿನ, 28 ಕಾಲುಗಳ ಚಿಪ್; ದೀಪದ ಹಂಗಿಲ್ಲದೆ, ಬರೆಯುವ ಯಂತ್ರದಲ್ಲೇ ವಿದ್ಯುತ್ತಿನಿಂದ ಕೆಲವೇ ಕ್ಷಣಗಳಲ್ಲಿ ಅಳಿಸಿಹೋಗುತ್ತದೆ. ಹೆಸರು ಹತ್ತಿರವಿದೆಯೆಂದು 28ಸಿ256 ತಂದು ಕೂರಿಸಬೇಡಿ. ಅದೂ 32 ಕಿಲೋಬೈಟಿನದೇ, ವಿದ್ಯುತ್ತಿನಿಂದಲೇ ಅಳಿಯುವಂಥದ್ದೇ. ಆದರೆ 27ಸಿ256ರಲ್ಲಿ 27ನೆಯ ಕಾಲಿಗೆ ಬರುವ ವಿಳಾಸದ ತಂತಿ (ಯಾವ ಬೈಟು ಬೇಕೆಂದು ಚಿಪ್‌ಗೆ ತಿಳಿಸುವ ತಂತಿಗಳಲ್ಲೊಂದು) 28ಸಿ256ರಲ್ಲಿ 1ನೆಯ ಕಾಲಿಗೆ ಹೋಗಿದ್ದು, 27ನೆಯದು ಬರೆಯುವ ಆಜ್ಞೆಯ ಕಾಲಾಗಿದೆ. ಬೋರ್ಡಿನ ತಂತಿ ಬದಲಿಸದೆ ಅದು ಕೆಲಸ ಮಾಡುವುದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಥವಾ ಆನ್‌ಲೈನ್‌ನಲ್ಲಿ ಇಂಥ ಚಿಪ್‌ಗಳನ್ನು ಹುಡುಕುವಾಗ, ಹಳೆಯ ಉಪಕರಣಗಳಿಂದ ಕಿತ್ತದ್ದು ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ. ಕಿತ್ತದ್ದೆಂಬ ಕಾರಣಕ್ಕೆ ಅದು ಕೆಟ್ಟದ್ದಲ್ಲ. ಮೈಮೇಲಿನ ಅಕ್ಷರ ಉಜ್ಜಿ ಬೇರೆ ಹೆಸರು ಅಚ್ಚುಹಾಕಿರುವುದುಂಟು, ಅದನ್ನು ಮಾತ್ರ ನೋಡಿಕೊಳ್ಳಿ.

ಅಳಿಸುವುದು

ಕಿಂಡಿಯ ಇಪ್ರೋಮ್ ಅಳಿಸಲು 253.7 ನ್ಯಾನೋಮೀಟರ್ ಅಲೆಯುದ್ದದ ನೇರಳಾತೀತ ಬೆಳಕು ಬೇಕು. ಈ ಬೆಳಕು ತೇಲುವ ದ್ವಾರದಲ್ಲಿ ಸೆರೆಯಾದ ಎಲೆಕ್ಟ್ರಾನುಗಳಿಗೆ ನಿರೋಧಕ ಪದರವನ್ನು ದಾಟುವಷ್ಟು ಶಕ್ತಿ ಕೊಡುತ್ತದೆ. ಸಾಮಾನ್ಯ ಗಾಜು ಈ ಬೆಳಕನ್ನು ತಡೆಯುವುದರಿಂದಲೇ ಕಿಂಡಿಗೆ ಕ್ವಾರ್ಟ್ಜ್‌ನಂಥ ವಿಶೇಷ ಗಾಜನ್ನು ಬಳಸುತ್ತಾರೆ. ನೇಲ್ ಪಾಲಿಶ್ ಒಣಗಿಸುವ ದೀಪವೂ ‘ಯುವಿ’ ಎಂದೇ ಮಾರಾಟವಾಗುತ್ತದೆ, ಆದರೆ ಅದರ ಅಲೆಯುದ್ದ ಬಹಳ ಹೆಚ್ಚಿರುವುದರಿಂದ ಈ ಕೆಲಸಕ್ಕೆ ಬಾರದು. ಅಡುಗೆಮನೆಯ ನೀರು ಶುದ್ಧೀಕರಿಸುವ ಯಂತ್ರದೊಳಗಿನ ದೀಪ ಈ ಅಲೆಯುದ್ದದ್ದೇ ಹೌದು. ಹಾಗೆಂದು ಅದನ್ನು ಬಿಚ್ಚಿ ಉರಿಸುವ ಸಾಹಸಕ್ಕೆ ಇಳಿಯಬೇಡಿ. ರೋಗಾಣುಗಳನ್ನು ಕೊಲ್ಲುವ ಆ ಬೆಳಕು ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ. ಮುಚ್ಚಳವೂ ಟೈಮರೂ ಇರುವ ಅಳಿಸುವ ಪೆಟ್ಟಿಗೆಯನ್ನೇ ಕೊಳ್ಳಿ.

ಕಿಂಡಿಯ ಮೇಲಿನ ಹಳೆಯ ಚೀಟಿಯನ್ನು ಕಿತ್ತು, ಅಂಟಿನ ಕಲೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಕಿಂಡಿ ದೀಪದಿಂದ ಸುಮಾರು 2.5 ಸೆಂಟಿಮೀಟರ್ ಅಂತರದಲ್ಲಿರುವಂತೆ ಇರಿಸಿ, 15ರಿಂದ 20 ನಿಮಿಷ ಬಿಡಿ. ಬಳಿಕ ಬರೆಯುವ ಯಂತ್ರದಲ್ಲಿ ‘ಖಾಲಿಯೇ?’ ಎಂಬ ಪರೀಕ್ಷೆ ನಡೆಸಿ. ಎಲ್ಲ ಬೈಟುಗಳೂ ಎಫ್ಎಫ್ (ಅಂದರೆ ಎಂಟೂ ಬಿಟ್ಟುಗಳು 1) ಆಗಿದ್ದರೆ ಸರಿ. ಇಲ್ಲದಿದ್ದರೆ ಇನ್ನೈದು ನಿಮಿಷ ಇಡಿ.

ಫೈಲ್ ಸೀಳುವುದು

ಹೊಸಬರು ಎಡವುವುದು ಇಲ್ಲಿ. ಈ ಆಟಗಳು ಸಾಮಾನ್ಯವಾಗಿ ಒಂದೇ ಫೈಲಿನ ರೂಪದಲ್ಲಿರುತ್ತವೆ. ಆ ಫೈಲಿನ ಮೊದಲ 16 ಬೈಟುಗಳು ಆಟದ ಭಾಗವೇ ಅಲ್ಲ. ಒಳಗೇನಿದೆ ಎಂದು ಎಮ್ಯುಲೇಟರಿಗೆ (ಕಂಪ್ಯೂಟರಿನಲ್ಲಿ ಈ ಯಂತ್ರವನ್ನು ಅನುಕರಿಸುವ ತಂತ್ರಾಂಶಕ್ಕೆ) ತಿಳಿಸುವ ತಲೆಬರಹ ಮಾತ್ರ. ಅದರ ನಂತರ 32,768 ಬೈಟುಗಳ ಪ್ರೋಗ್ರಾಂ, ಬಳಿಕ 8,192 ಬೈಟುಗಳ ಚಿತ್ರ. ಒಟ್ಟು 40,976. ನಿಮ್ಮ ಫೈಲಿನ ಗಾತ್ರ ಇಷ್ಟೇ ಇದ್ದರೆ ನಿರಾಳವಾಗಿರಿ. 24,592 ಇದ್ದರೆ ಪ್ರೋಗ್ರಾಂ 16 ಕಿಲೋಬೈಟಿನದು ಎಂದರ್ಥ. ಅದನ್ನು ಎರಡು ಸಲ ಬರೆದು 32 ಮಾಡಿಕೊಳ್ಳಬೇಕು. ಗಾತ್ರ ಇವೆರಡಕ್ಕಿಂತ ದೊಡ್ಡದಾಗಿದ್ದರೆ ಆ ಆಟಕ್ಕೆ ಎನ್‌ರೋಮ್ ಬೋರ್ಡು ಸಾಲುವುದಿಲ್ಲ.

ಫೈಲಿನ ಬೈಟುಗಳನ್ನು ನೇರವಾಗಿ ತೋರಿಸಿ ತಿದ್ದಲು ಬಿಡುವ ಹೆಕ್ಸ್ ಎಡಿಟರಿನಲ್ಲಿ ಫೈಲನ್ನು ತೆರೆದು, ಮೊದಲ 16 ಬೈಟುಗಳನ್ನು ತೆಗೆದುಹಾಕಿ, ಉಳಿದದ್ದನ್ನು ಎರಡು ಫೈಲುಗಳಾಗಿ ಉಳಿಸಿಕೊಳ್ಳಿ. ಸೀಳಿದ್ದು ಸರಿಯಾಯಿತೇ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ವಿದ್ಯುತ್ ಬಂದೊಡನೆ ಈ ಯಂತ್ರದ ಪ್ರೊಸೆಸರ್, ತಾನು ಎಲ್ಲಿಂದ ಶುರುಮಾಡಬೇಕೆಂಬ ವಿಳಾಸವನ್ನು ಪ್ರೋಗ್ರಾಮಿನ ತುದಿಯಲ್ಲಿರುವ ಆರು ಬೈಟುಗಳ ಪೈಕಿ ನಡುವಿನ ಎರಡರಿಂದ ಓದುತ್ತದೆ. 32 ಕಿಲೋಬೈಟಿನ ಫೈಲಿನಲ್ಲಿ ಅವು ಹೆಕ್ಸ್ (ಹದಿನಾರರ ಆಧಾರದ) ಸಂಖ್ಯೆ 7ಎಫ್ಎಫ್‌ಸಿ ಮತ್ತು 7ಎಫ್ಎಫ್‌ಡಿಯಲ್ಲಿ ಇರುತ್ತವೆ. ಪ್ರೋಗ್ರಾಂ ಚಿಪ್ಪು ಪ್ರೊಸೆಸರಿಗೆ ಕಾಣುವುದು 8000ದಿಂದ ಎಫ್ಎಫ್ಎಫ್ಎಫ್‌ವರೆಗಿನ ವಿಳಾಸಗಳಲ್ಲಿ. ವಿಳಾಸದ ಕೆಳಭಾಗ ಮೊದಲು, ಮೇಲ್ಭಾಗ ನಂತರ ಬರುವುದರಿಂದ, ಎರಡನೆಯ ಬೈಟು ಹೆಕ್ಸ್‌ನಲ್ಲಿ 80 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಎರಡೂ 00 ಆಗಿದ್ದರೆ ಅಥವಾ ಎರಡೂ ಎಫ್ಎಫ್ ಆಗಿದ್ದರೆ ಎಲ್ಲೋ ತಪ್ಪಾಗಿದೆ.

ಚಿಪ್ಪು ಫೈಲಿಗಿಂತ ದೊಡ್ಡದಾಗಿದ್ದಾಗ ಇನ್ನೊಂದು ತೊಡಕು ಎದುರಾಗುತ್ತದೆ. 27ಸಿ256ರ 1ನೆಯ ಕಾಲು ಬರೆಯುವ ವೋಲ್ಟೇಜಿನದು; ಓದುವಾಗ ಅದಕ್ಕೆ 5 ವೋಲ್ಟ್ ಕೊಟ್ಟಿರುವುದು ರೂಢಿ. 64 ಕಿಲೋಬೈಟಿನ ಚಿಪ್‌ನಲ್ಲಿ ಅದೇ ಕಾಲು ವಿಳಾಸದ ಮೇಲ್ತುದಿಯ ತಂತಿ. ಅಲ್ಲಿ 5 ವೋಲ್ಟ್ ಇದ್ದರೆ ಯಂತ್ರವು ಚಿಪ್‌ನ ಮೇಲರ್ಧವನ್ನು ಮಾತ್ರ ಓದುತ್ತದೆ, ನೀವು ಆಟವನ್ನು ಬರೆದಿಟ್ಟದ್ದು ಕೆಳಗಿನ ಅರ್ಧದಲ್ಲಿ! ಪರಿಹಾರ ಸರಳ: ಪ್ರೋಗ್ರಾಮನ್ನು ಎರಡು ಸಲ, ಚಿತ್ರವನ್ನು ಎಂಟು ಸಲ ಒಂದರ ಹಿಂದೊಂದು ಜೋಡಿಸಿ 64 ಕಿಲೋಬೈಟ್ ತುಂಬಿಸಿಬಿಡಿ. ಆಗ ಮೇಲಿನ ತಂತಿಗಳು ಯಾವ ಸ್ಥಿತಿಯಲ್ಲಿದ್ದರೂ ಓದಿಗೆ ಸಿಗುವುದು ಅದೇ ಆಟ. ವಿಂಡೋಸ್‌ನ ಕಮಾಂಡ್ ಮೂಲಕ ಫೈಲು ಜೋಡಿಸುವವರು ಬೈನರಿ ಎಂದು ಸೂಚಿಸಲು ಮರೆಯಬಾರದು. ಮರೆತರೆ 1ಎ ಎಂಬ ಬೈಟು ಎದುರಾದಲ್ಲೇ ಫೈಲು ಮುಗಿಯಿತೆಂದು ಭಾವಿಸಿ ಅದು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಜೋಡಿಸಿದ ಫೈಲಿನ ಗಾತ್ರ ಸರಿಯಾಗಿ 65,536 ಬೈಟ್ ಇದೆಯೇ ಎಂದು ನೋಡಿಕೊಂಡರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಬರೆಯುವುದು

ಟಿಎಲ್866 ಅಥವಾ ಅದರ ನಂತರ ಬಂದ ಟಿ48ರಂಥ, ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸುವ ಪ್ರೋಗ್ರಾಮರ್ ಈ ಕೆಲಸಕ್ಕೆ ಸಾಕು. ಚಿಪ್‌ನ ಕಚ್ಚು ಯಾವ ಕಡೆ ಇರಬೇಕೆಂದು ತಂತ್ರಾಂಶದಲ್ಲಿ ಕಾಣುವ ಚಿತ್ರ ನೋಡಿ ಕೂರಿಸಿ, ಸನ್ನೆ ಒತ್ತಿ. ಪಟ್ಟಿಯಲ್ಲಿ ಚಿಪ್‌ನ ತಯಾರಕರ ಹೆಸರನ್ನೂ ಸಂಖ್ಯೆಯನ್ನೂ ಸರಿಯಾಗಿಯೇ ಆರಿಸಬೇಕು. ಬರೆಯುವ ವೋಲ್ಟೇಜು ಚಿಪ್‌ನಿಂದ ಚಿಪ್‌ಗೆ ಬೇರೆ. ಈಚಿನವು 12ರಿಂದ 13 ವೋಲ್ಟಿನ ಆಸುಪಾಸಿನಲ್ಲಿದ್ದರೆ, ತೀರ ಹಳೆಯ ಕೆಲವು ಚಿಪ್‌ಗಳು 21 ವೋಲ್ಟ್ ಕೇಳುತ್ತವೆ. ಗುರುತಿನ ಸಂಖ್ಯೆ ಹೊಂದುತ್ತಿಲ್ಲ ಎಂದು ತಂತ್ರಾಂಶ ದೂರಿದರೆ, ಮೊದಲು ಕಾಲುಗಳ ಕಿಲುಬನ್ನು ಒರೆಸಿ ಮತ್ತೊಮ್ಮೆ ನೋಡಿ. ಆಗಲೂ ದೂರಿದರೆ ಮೈಮೇಲಿನ ಹೆಸರೇ ಸುಳ್ಳಿರಬಹುದು.

ಬರೆದಾದ ಮೇಲೆ ತಾಳೆ ನೋಡುವ ಹಂತವನ್ನು ಬಿಡಬೇಡಿ. ಆದರೆ ಅದನ್ನು ಅತಿಯಾಗಿ ನಂಬಲೂ ಬೇಡಿ. ನಾನು ಮೊದಲ ಸಲ 16 ಬೈಟುಗಳ ತಲೆಬರಹ ಸಮೇತ ಇಡೀ ಫೈಲನ್ನು ಒಂದೇ ಚಿಪ್‌ಗೆ ತುಂಬಿದ್ದೆ. ತಾಳೆ ಸರಿಯಾಗಿದೆ ಎಂದು ಹಸಿರು ಅಕ್ಷರದಲ್ಲಿ ಬಂತು, ಟಿವಿಯಲ್ಲಿ ಮಾತ್ರ ಏನೂ ಮೂಡಲಿಲ್ಲ. ಒಂದು ಸಂಜೆಯೆಲ್ಲ ಬೆಸುಗೆಯನ್ನು ಶಂಕಿಸಿ ಮತ್ತೆ ಮತ್ತೆ ಕಾಯಿಸಿದೆ. ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಬರೆದಿದ್ದೇನೆ ಎಂದಷ್ಟೇ ಯಂತ್ರ ಹೇಳಬಲ್ಲದು. ಕೊಟ್ಟದ್ದು ಸರಿಯೇ ಎಂದು ಅದಕ್ಕೆ ಗೊತ್ತಿರುವುದಿಲ್ಲ.

ಬೋರ್ಡಿಗೆ ಕೂರಿಸುವುದು

ಮತ್ತೆ ಮತ್ತೆ ಬರೆಯುವ ಉದ್ದೇಶವಿದ್ದರೆ ಚಿಪ್ಪನ್ನು ನೇರವಾಗಿ ಬೆಸೆಯದೆ 28 ಕಾಲಿನ ಸಾಕೆಟ್ ಬೆಸೆದುಕೊಳ್ಳಿ. ಎತ್ತರದ ಸಾಕೆಟ್ ಆದರೆ ಕ್ಯಾಸೆಟ್ಟಿನ ಮೈ ಮುಚ್ಚದಿರಬಹುದು, ಮೊದಲೇ ಇಟ್ಟು ನೋಡಿ. ಪ್ರತಿ ಚಿಪ್‌ನ 28ನೆಯ ಕಾಲಿನ 5 ವೋಲ್ಟಿಗೂ 14ನೆಯ ಕಾಲಿನ ಗ್ರೌಂಡಿಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಬೋರ್ಡಿನಲ್ಲಿ ‘ಎಚ್’, ‘ವಿ’ ಎಂದು ಗುರುತಿಸಿದ ಎರಡು ಬೆಸುಗೆಯ ಚುಕ್ಕೆಗಳಿರುತ್ತವೆ. ಹಿನ್ನೆಲೆಯ ಚಿತ್ರ ಅಡ್ಡಕ್ಕೆ ಸರಿಯಬೇಕೋ ಉದ್ದಕ್ಕೆ ಸರಿಯಬೇಕೋ ಎಂಬುದಕ್ಕೆ ತಕ್ಕಂತೆ ಅವುಗಳಲ್ಲಿ ಒಂದನ್ನು ಮಾತ್ರ ಸೇರಿಸಬೇಕು. ಬೋರ್ಡಿನ ಅಕ್ಷರಕ್ಕೂ ಎಮ್ಯುಲೇಟರು ತೋರಿಸುವ ಹೆಸರಿಗೂ ಅರ್ಥ ತಿರುವುಮುರುವಾಗಿರುವುದುಂಟು. ಆಟ ನಡೆದು, ಹಿನ್ನೆಲೆ ಸರಿಯುವಾಗ ಮಾತ್ರ ತುಂಡುತುಂಡಾದರೆ ಇನ್ನೊಂದು ಚುಕ್ಕೆಗೆ ಬದಲಿಸಿ.

ಬೋರ್ಡನ್ನೇ ಸ್ವತಃ ಬಿಡಿಸಿಕೊಂಡವರಿಗೆ ಒಂದು ಮಾತು. 60 ಪಟ್ಟಿಗಳ ಫ್ಯಾಮಿಕಾಮ್‌ನಲ್ಲಿ ಸದ್ದು ಕೂಡ ಕ್ಯಾಸೆಟ್ಟಿನೊಳಗೆ ಹೋಗಿ ಹಿಂದಿರುಗುತ್ತದೆ. 45 ಮತ್ತು 46ನೆಯ ಪಟ್ಟಿಗಳನ್ನು ಸೇರಿಸದಿದ್ದರೆ ಆಟ ಚೆನ್ನಾಗಿ ನಡೆದರೂ ಮೂಕವಾಗಿರುತ್ತದೆ. ಫ್ಯಾಮಿಕಾಮ್‌ನ ರೂಪಾಂತರವಾಗಿ ಅಮೆರಿಕದಲ್ಲಿ 1985ರಲ್ಲಿ ಬಂದ 72 ಪಟ್ಟಿಗಳ ಎನ್ಇಎಸ್ ಯಂತ್ರಕ್ಕಾದರೆ ಬೇರೊಂದು ಬೇಡಿಕೆಯಿದೆ: ಕ್ಯಾಸೆಟ್ಟು ಅಸಲಿಯೇ ಎಂದು ಯಂತ್ರ ಪರೀಕ್ಷಿಸಲು ಅದರಲ್ಲಿ ಕಾವಲು ಚಿಪ್ ಇರಬೇಕು. ಅದರ ಬದಲಿಗೆ ಎಟಿಟೈನಿ13 ಎಂಬ ಪುಟ್ಟ ಮೈಕ್ರೋಕಂಟ್ರೋಲರಿಗೆ ತಕ್ಕ ಪ್ರೋಗ್ರಾಂ ತುಂಬಿ ಹಾಕುವವರಿದ್ದಾರೆ.

ತೆರೆ ಹೇಳುವ ದೋಷ

ಬರೆಯುವ ಮುಂಚೆಯೇ ಮೆಸೆನ್‌ನಂಥ ಎಮ್ಯುಲೇಟರಿನಲ್ಲಿ ಆಟ ನಡೆಯುತ್ತದೆ ಎಂದು ಖಚಿತಪಡಿಸಿಕೊಂಡಿದ್ದರೆ, ಉಳಿದದ್ದನ್ನು ಟಿವಿಯೇ ಹೇಳುತ್ತದೆ. ತೆರೆ ಒಂದೇ ಬಣ್ಣಕ್ಕೆ ನಿಂತು ಸದ್ದೂ ಇಲ್ಲದಿದ್ದರೆ ಪ್ರೋಗ್ರಾಂ ಚಿಪ್ಪಿನ ಕಡೆ ನೋಡಿ. ಸಂಗೀತ ಸರಿಯಾಗಿ ಕೇಳಿಸಿ, ಗುಂಡಿ ಒತ್ತಿದ್ದಕ್ಕೆ ಆಟ ಓಗೊಟ್ಟು, ಚಿತ್ರ ಮಾತ್ರ ಚಿಂದಿಯಾಗಿದ್ದರೆ ದೋಷ ಚಿತ್ರದ ಚಿಪ್ಪಿನದು. ಒಂದು ಕಾಲು ಸಾಕೆಟ್ಟಿನೊಳಗೆ ಹೋಗದೆ ಹೊರಕ್ಕೆ ಮಡಚಿಕೊಂಡಿದ್ದರೂ ಹೀಗಾಗುತ್ತದೆ. ಎನ್ಇಎಸ್‌ನಲ್ಲಿ ತೆರೆ ಸೆಕೆಂಡಿಗೊಮ್ಮೆ ಮಿಣುಕುತ್ತಿದ್ದರೆ ಕಾವಲು ಚಿಪ್ ಒಪ್ಪಿಲ್ಲ ಎಂದರ್ಥ.

ಎಲ್ಲವೂ ಸರಿಯಾದ ಮೇಲೆ ಕಿಂಡಿಯನ್ನು ಬೆಳಕು ತೂರದ ಚೀಟಿಯಿಂದ ಮುಚ್ಚಿ. ನೇರ ಬಿಸಿಲಿಗೆ ಬಿಟ್ಟ ಇಪ್ರೋಮ್ ಸುಮಾರು ಒಂದು ವಾರದಲ್ಲಿ, ಟ್ಯೂಬ್‌ಲೈಟಿನ ಕೋಣೆಯಲ್ಲಿ ಬಿಟ್ಟದ್ದು ಸುಮಾರು ಮೂರು ವರ್ಷಗಳಲ್ಲಿ ಅಳಿಸಿಹೋಗಬಹುದೆಂದು ಚಿಪ್‌ಗಳ ಕೈಪಿಡಿಗಳು ಎಚ್ಚರಿಸುತ್ತವೆ. ಅದೇ ಚೀಟಿಯ ಮೇಲೆ ಆಟದ ಹೆಸರು, ಬರೆದ ದಿನಾಂಕ, ಪ್ರೋಗ್ರಾಮರ್ ತೋರಿಸಿದ ಚೆಕ್‌ಸಮ್ (ಬರೆದ ಬೈಟುಗಳಿಂದ ಲೆಕ್ಕ ಹಾಕಿದ ತಾಳೆಯ ಸಂಖ್ಯೆ) ಮೂರನ್ನೂ ಪೆನ್ಸಿಲಿನಲ್ಲಿ ಬರೆದಿಡಿ.