ಎಲ್ಮ್ ಬೋನ್ಸಾಯ್‌ಗೆ ಬುಡ ಬಂದದ್ದು ಹೀಗೆ: ಕಲಬುರಗಿ ಬಿಸಿಲಲ್ಲಿ ನನ್ನ ಅನುಭವ

ಚೈನೀಸ್ ಎಲ್ಮ್ ಮರವನ್ನು ಬೋನ್ಸಾಯ್ ಆಗಿ, ಅಂದರೆ ಕುಂಡದಲ್ಲಿ ಗಿಡ್ಡ ಮರವಾಗಿ, ಸಾಕುವವರು ನನಗೆ ಹೆಚ್ಚಾಗಿ ಕೇಳುವುದು ಕಾಂಡದ ಬಗ್ಗೆ. ಎಲೆ ಸಣ್ಣದಾಗಿ ಚೆನ್ನಾಗಿದೆ, ಕೊಂಬೆಗಳೂ ಬರ್ತಿವೆ, ಆದರೆ ಕಾಂಡ ಬುಡದಿಂದ ತುದಿವರೆಗೆ ಒಂದೇ ದಪ್ಪ, ನೋಡಿದರೆ ಮರ ಅನ್ನಿಸೋದೇ ಇಲ್ಲ, ಏನು ಮಾಡಲಿ ಅಂತ. ಗಿಡವನ್ನು ಕುಂಡದಿಂದ ತೆಗೆದು ನೆಲಕ್ಕೆ ಹಾಕಿ, ಮನಸ್ಸಿಗೆ ಬಂದ ಹಾಗೆ ಬೆಳೆಯಲು ಬಿಡಿ, ಆಮೇಲೆ ಗರಗಸ ತಗೊಳ್ಳಿ. ನಾನು ಮಾಡಿದ್ದು ಇಷ್ಟೇ. ಆದರೆ ಯಾವಾಗ ಕಡಿಯಬೇಕು, ಎಲ್ಲಿ ಕಡಿಯಬೇಕು, ಕಡಿದ ಮೇಲೆ ಬರುವ ಚಿಗುರಿನಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಅನ್ನೋದರಲ್ಲೇ ಕೆಲಸ ಇರುವುದು.

ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ. ಇದನ್ನೇ ಬೋನ್ಸಾಯ್ ಮಾಡುವವರು ಟೇಪರ್ ಅಂತಾರೆ. ಇದು ತಾನಾಗಿ ಬರಲ್ಲ. ಎಲೆಗಳು ಮಾಡಿದ ಆಹಾರ ತೊಗಟೆಯ ಒಳಪದರದಲ್ಲಿ ಕೆಳಗೆ ಬೇರಿನ ಕಡೆ ಇಳಿಯುತ್ತದೆ, ಇಳಿಯುವ ದಾರಿಯಲ್ಲೆಲ್ಲ ಕಾಂಡ ದಪ್ಪವಾಗುತ್ತದೆ. ಹಾಗಾಗಿ ಒಂದು ಕೊಂಬೆ ಜೋರಾಗಿ ಬೆಳೆದರೆ ಅದರ ಕೆಳಗಿನ ಭಾಗ ದಪ್ಪವಾಗುತ್ತದೆ, ಮೇಲಿನ ಭಾಗಕ್ಕೆ ಅದರಿಂದ ಏನೂ ಸಿಗಲ್ಲ. ಇದೊಂದು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಸಣ್ಣ ಕುಂಡದಲ್ಲಿಟ್ಟು ವಾರಕ್ಕೊಮ್ಮೆ ತುದಿ ಚಿವುಟುತ್ತಾ ಕೂತರೆ ಗಿಡ ಅಂದವಾಗಿ ಕಾಣುತ್ತೆ ನಿಜ, ಆದರೆ ಎಷ್ಟು ವರ್ಷ ಹೋದರೂ ಬುಡ ಬೆರಳು ದಪ್ಪವೇ ಉಳಿಯುತ್ತೆ.

ನೆಲಕ್ಕೆ ಹಾಕುವಾಗ ನಾನು ಎರಡು ಕೆಲಸ ಮಾಡಿದೆ. ನಮ್ಮ ಕಡೆ ಎರೆಮಣ್ಣು. ಮಳೆಗಾಲದಲ್ಲಿ ನೀರು ಹಿಡಿದು ಜಿಗುಟಾಗುತ್ತೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತೆ, ಬಿರಿದಾಗ ಸಣ್ಣ ಬೇರೆಲ್ಲ ಹರಿದುಹೋಗುತ್ತವೆ. ಅದಕ್ಕೇ ನೆಲದ ಮೇಲೆ ಮೊಣಕಾಲೆತ್ತರಕ್ಕೆ ಕಲ್ಲು ಜೋಡಿಸಿ ಕಟ್ಟೆ ಮಾಡಿದೆ. ಅದರೊಳಗೆ ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಪುಡಿ ತುಂಬಿದೆ. ಧೂಳನ್ನೆಲ್ಲ ಜರಡಿ ಹಿಡಿದು ತೆಗೆದು, ಜೋಳದ ಕಾಳಿನಷ್ಟು ದಪ್ಪದ ಹರಳು ಮಾತ್ರ ಇಟ್ಟುಕೊಂಡು, ಅದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿದ್ದು. ನೀರು ಹಾಕಿದ ಕೂಡಲೇ ಇಳಿದುಹೋಗುತ್ತೆ, ಆದರೂ ಹರಳಿನೊಳಗೆ ತೇವ ಉಳಿಯುತ್ತೆ.

ಎರಡನೆಯದು ಶಹಾಬಾದ್ ಕಲ್ಲು. ಮನೆ ಕಟ್ಟುವಾಗ ಉಳಿದ ಒಂದು ತುಂಡು ಹಾಸುಗಲ್ಲನ್ನು ಆರಿಂಚು ಆಳದಲ್ಲಿ ಮಟ್ಟವಾಗಿ ಇಟ್ಟು, ಕೆಳಗೆ ಇಳಿಯುವ ತಾಯಿಬೇರನ್ನು ಕತ್ತರಿಸಿ, ಉಳಿದ ಬೇರುಗಳನ್ನು ಸುತ್ತಲೂ ಹರಡಿ, ಗಿಡವನ್ನು ಆ ಕಲ್ಲಿನ ಮೇಲೆ ಕೂರಿಸಿದೆ. ಬೇರು ಕೆಳಗೆ ಹೋಗೋಕೆ ದಾರಿ ಇಲ್ಲ, ಪಕ್ಕಕ್ಕೆ ಹೋಗಲೇಬೇಕು. ಬುಡ ಅಗಲವಾಗೋದು ಇಲ್ಲಿಂದಲೇ ಶುರು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು ಅಲ್ವಾ, ಗಿಡಕ್ಕೆ ತೊಂದರೆ ಆಗಲ್ವಾ ಅಂತ ಕೆಲವರು ಕೇಳ್ತಾರೆ. ಎಲ್ಮ್ ಜಾತಿ ಸುಣ್ಣದ ಅಂಶವನ್ನು ಸಾಕಷ್ಟು ತಡೆದುಕೊಳ್ಳುತ್ತೆ. ನನಗೆ ಕಲ್ಲಿಗಿಂತ ಬೋರ್‌ವೆಲ್ ನೀರಿನಲ್ಲಿರುವ ಸುಣ್ಣದ್ದೇ ಜಾಸ್ತಿ ಯೋಚನೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಅಂತ ಅರ್ಥ. ಆಗ ಚಿಲೇಟೆಡ್ ಕಬ್ಬಿಣ, ಅಂದರೆ ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ, ಕೊಡ್ತೀನಿ. ಮಳೆ ನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು.

ಈಗ ಕಡಿಯುವ ಮಾತು. ಎಲ್ಮ್ ಬಗ್ಗೆ ಓದಿದರೆ ಚಳಿಗಾಲ ಮುಗಿಯುವಾಗ, ಕಣ್ಣು (ಚಿಗುರಿನ ಮೊಗ್ಗು) ಉಬ್ಬುವ ಮೊದಲು ಕಡಿಯಿರಿ ಅಂತ ಸಿಗುತ್ತೆ. ಅದು ಮಂಜು ಬೀಳುವ ಊರಿಗೆ ಸರಿ. ಇಲ್ಲಿ ಫೆಬ್ರವರಿಯಲ್ಲಿ ಕಡಿದರೆ ಎಳೆ ಚಿಗುರು ಬಲಿಯುವ ಹೊತ್ತಿಗೆ ಏಪ್ರಿಲ್ ಬಂದಿರುತ್ತೆ, ಮೇನಲ್ಲಿ 42-43 ಡಿಗ್ರಿ. ಎಲೆಯ ನೆರಳಿಲ್ಲದ ಬೋಳು ಕಾಂಡಕ್ಕೆ ಆ ಬಿಸಿಲು ನೇರ ಬಿದ್ದರೆ ತೊಗಟೆ ಸುಟ್ಟು ಬಿರಿಯುತ್ತೆ. ಅದಕ್ಕೇ ನಾನು ದೊಡ್ಡ ಕಡಿತ ಎಲ್ಲವನ್ನೂ ಮೃಗಶಿರಾ ಮಳೆಗೆ ಇಟ್ಟುಕೊಂಡಿದ್ದೇನೆ. ಜೂನ್ ಮೊದಲ ವಾರ ಕಳೆದು ಎರಡು ಹದ ಮಳೆ ಬಿದ್ದಿರಬೇಕು, ಗಾಳಿ ತಂಪಾಗಿರಬೇಕು. ಆಗ ಕಡಿದರೆ ಮುಂದಿನ ನಾಲ್ಕು ತಿಂಗಳೂ ಗಿಡ ಬೆಳೆಯುತ್ತೆ, ಗಾಯವೂ ಬೇಗ ಮುಚ್ಚುತ್ತೆ.

ಎಷ್ಟು ಎತ್ತರಕ್ಕೆ? ಬುಡದ ದಪ್ಪದ ಎರಡು ಪಟ್ಟು, ಹೆಚ್ಚೆಂದರೆ ಮೂರು ಪಟ್ಟು. ಬುಡ 2 ಇಂಚು ಇದ್ದರೆ 4 ಇಂಚಿಗೆ ಕಡಿ. ಕೇಳೋಕೆ ಭಯ ಆಗುತ್ತೆ. ಆಳೆತ್ತರ ಬೆಳೆದು ನಿಂತ ಗಿಡ ಒಂದು ಗೇಣೂ ಇಲ್ಲದ ಮೋಟು ಆಗುತ್ತೆ. ಪಕ್ಕದ ಮನೆ ಕಾಕಾ ಗೋಡೆ ಮೇಲಿಂದ ನೋಡಿ, "ಏನ್ ಮಾಡ್ಲಿಕತ್ತೀ ತಮ್ಮಾ, ಇಷ್ಟ್ ಛಂದ ಗಿಡಾ ಕಡದ್ ಹಾಕಿದಲ್ಲೋ" ಅಂದರು. ಅವರದು ತೊಗರಿ ಹೊಲ. ನಾನು ಕೇಳಿದೆ, "ಕಾಕಾ, ನೀವ್ ತೊಗರಿ ಕುಡಿ ಯಾಕ ಚಿವಟತೀರಿ?" ಅವರು ನಕ್ಕು, "ಟೊಂಗಿ ಒಡೀಲಿ ಅಂತ" ಅಂದರು. ಅದೇ ಲೆಕ್ಕ ಇಲ್ಲಿಯೂ. ತುದಿಯ ಕುಡಿಯಲ್ಲಿ ಆಕ್ಸಿನ್ ಅನ್ನೋ ಹಾರ್ಮೋನ್ ತಯಾರಾಗಿ ಕೆಳಗೆ ಇಳಿಯುತ್ತೆ, ಅದು ಇರುವವರೆಗೆ ಕೆಳಗಿನ ಕಣ್ಣುಗಳು ಮಲಗೇ ಇರುತ್ತವೆ. ಕುಡಿ ಹೋಯಿತೋ, ಅವು ಒಂದೊಂದಾಗಿ ಏಳುತ್ತವೆ. ತೊಗರಿಗೆ ಬಿತ್ತಿದ ಒಂದೂವರೆ ಎರಡು ತಿಂಗಳಿಗೆ ಚಿವುಟಿದರೆ ಸಾಕು, ಎಲ್ಮ್‌ಗೆ ಗರಗಸವೇ ಬೇಕು, ಅಷ್ಟೇ ವ್ಯತ್ಯಾಸ.

ಚೈನೀಸ್ ಎಲ್ಮ್ ನನಗೆ ಇಷ್ಟವಾಗುವುದೂ ಇದಕ್ಕೇ. ಹಳೆಯ ಕಟ್ಟಿಗೆಯಿಂದಲೂ ಕಣ್ಣು ಒಡೆಯುತ್ತೆ. ಎರಡು ಮೂರು ವಾರದಲ್ಲಿ ಕಡಿದ ಅಂಚಿನ ಸುತ್ತ, ಅಲ್ಲಿಂದ ಕೆಳಗೂ, ಕೆಂಪು ಚುಕ್ಕಿಯಂಥ ಕಣ್ಣುಗಳು ಏಳುತ್ತವೆ. ಕೆಲವೇ ದಿನದಲ್ಲಿ ಅದು ಚಿಗುರಿನ ಗುಂಪೇ ಆಗುತ್ತೆ. ಇಲ್ಲಿ ಕರುಣೆ ತೋರಿಸಬಾರದು. ಒಂದೇ ಜಾಗದಿಂದ ನಾಲ್ಕೈದು ಚಿಗುರು ಬೆಳೆಯಲು ಬಿಟ್ಟರೆ ಆ ಜಾಗ ಗಂಟಾಗಿ ಉಬ್ಬಿ, ಮೇಲೆ ದಪ್ಪ ಕೆಳಗೆ ಸಣ್ಣ ಆಗಿಬಿಡುತ್ತೆ, ನಮಗೆ ಬೇಕಾದದ್ದಕ್ಕೆ ಪೂರ್ತಿ ಉಲ್ಟಾ. ನಾನು ಚಿಗುರು ಗೇಣುದ್ದ ಆಗುವ ಮೊದಲೇ ಕಡಿದ ಜಾಗದ ಹತ್ತಿರ ಬಲವಾದ ಒಂದನ್ನು ಮಾತ್ರ ಇಟ್ಟು ಉಳಿದದ್ದು ತೆಗೆಯುತ್ತೇನೆ. ಇದು ಮುಂದಿನ ಕಾಂಡ. ಕೆಳಗೆ, ಬುಡದ ಹತ್ತಿರ, ಹಿಂದುಗಡೆಗೆ ಇರುವ ಒಂದೆರಡನ್ನೂ ಬಿಡುತ್ತೇನೆ. ಅವು ಬಲಿ ಕೊಂಬೆಗಳು. ಅವನ್ನು ಮುಟ್ಟೋದೇ ಇಲ್ಲ, ಎಷ್ಟು ಉದ್ದ ಹೋಗುತ್ತವೋ ಹೋಗಲಿ, ಬುಡ ದಪ್ಪ ಮಾಡಿ ಆಮೇಲೆ ಕತ್ತರಿಸಿಕೊಂಡು ಹೋಗುವವು ಅವು.

ಆರಿಸಿದ ಚಿಗುರು ಮೊದಮೊದಲು ಬಹಳ ನಾಜೂಕು. ಬುಡದಲ್ಲಿ ಅದರ ಹಿಡಿತ ಸಡಿಲ ಇರುತ್ತೆ. ಆಷಾಢದ ಗಾಳಿಗೆ ಬುಡದಿಂದಲೇ ಕಿತ್ತು ಬರುತ್ತೆ. ಅದು ಹಸಿರಾಗಿರುವಾಗಲೇ ಪಕ್ಕದಲ್ಲೊಂದು ಕಡ್ಡಿ ನೆಟ್ಟು, ಬಟ್ಟೆ ಚೂರಿನಿಂದ ಸಡಿಲವಾಗಿ ಕಟ್ಟಿ, ಮೇಲ್ಮುಖವಾಗಿ ತಿರುಗಿಸಿಡಿ. ಬಲಿತ ಮೇಲೆ ತಿರುಗಿಸೋಕೆ ಹೋದರೆ ಮುರಿಯುತ್ತೆ.

ಮೊದಲ ಕಡಿತ ನೇರವಾಗಿಯೇ ಇರಲಿ, ಓರೆ ಬೇಡ. ಯಾವ ಕಡೆ ಕಣ್ಣು ಒಡೆಯುತ್ತೆ ಅಂತ ಮೊದಲೇ ಗೊತ್ತಿರಲ್ಲ. ಚಿಗುರು ಪೆನ್ಸಿಲ್ ದಪ್ಪ ಬಂದ ಮೇಲೆ, ಅದರ ಎದುರು ಬದಿಯಿಂದ ಓರೆಯಾಗಿ ಎರಡನೇ ಸಲ ಕೊಯ್ಯುತ್ತೇನೆ. ಆಗ ಹಳೆ ಕಾಂಡ ಹೊಸದಕ್ಕೆ ಇಳಿಜಾರಾಗಿ ಸೇರುತ್ತೆ. ಗರಗಸದ ಅಂಚು ಒರಟು. ಹರಿತ ಚಾಕುವಿನಿಂದ ಸುತ್ತಲೂ ತೊಗಟೆ ನುಣುಪು ಮಾಡಿ, ಗಾಯ ಮುಚ್ಚುವ ಲೇಪ, ಕಟ್ ಪೇಸ್ಟ್, ಹಚ್ಚುತ್ತೇನೆ. ಅದು ಸಿಗದಿದ್ದರೆ ದಾಳಿಂಬೆ ಬೆಳೆಗಾರರು ಬಳಸುವ ಬೋರ್ಡೋ ಪೇಸ್ಟ್ ಕೂಡ ಆಗುತ್ತೆ. ಮಳೆಗಾಲದಲ್ಲಿ ತೆರೆದ ಗಾಯ ಬಿಟ್ಟರೆ ಒಳಗೆ ಕೊಳೆಯುತ್ತೆ.

ಆಮೇಲೆ ಕಾಯುವುದು. ಹೊಸ ಕಾಂಡ ಕೆಳಗಿನದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದಪ್ಪ ಬರುವವರೆಗೆ ಅದನ್ನು ಮುಟ್ಟಬಾರದು. ನೋಡೋಕೆ ಚೆನ್ನಾಗಿರಲ್ಲ, ಬೇಲಿ ಗಿಡದ ಹಾಗೆ ಎತ್ತೆತ್ತಲೋ ಹೋಗಿರುತ್ತೆ. ಮನೆಗೆ ಬಂದವರು ಬೋನ್ಸಾಯ್ ಎಲ್ಲಿ ಅಂತ ಕೇಳ್ತಾರೆ. ಕೇಳಲಿ. ತಕ್ಕ ದಪ್ಪ ಬಂದಾಗ ಇನ್ನೊಂದು ಮೃಗಶಿರಾಕ್ಕೆ ಮತ್ತೆ ಕಡಿತ, ಈ ಸಲ ಹಿಂದಿನದಕ್ಕಿಂತ ಗಿಡ್ಡ ತುಂಡು ಬಿಟ್ಟು, ಚಿಗುರನ್ನು ಎದುರು ದಿಕ್ಕಿಗೆ ಆರಿಸಿ. ಹೀಗೆ ಒಂದೊಂದು ತುಂಡೂ ಹಿಂದಿನದಕ್ಕಿಂತ ಗಿಡ್ಡ, ಹಿಂದಿನದಕ್ಕಿಂತ ಸಣ್ಣ. ಕಾಂಡಕ್ಕೆ ತಂತಿ ಸುತ್ತದೇ ಬಳುಕು ಬರುತ್ತೆ.

ಗೊಬ್ಬರದಲ್ಲಿ ಜಿಪುಣತನ ಬೇಡ. ಬೆಳೆಯುವ ಗಿಡಕ್ಕೆ ಶೇಂಗಾ ಹಿಂಡಿ ನೆನೆಸಿದ ನೀರನ್ನು ತೆಳ್ಳಗೆ ಮಾಡಿ ಹದಿನೈದು ದಿನಕ್ಕೊಮ್ಮೆ ಹಾಕ್ತೀನಿ, ಮೃಗಶಿರಾದಿಂದ ದಸರಾವರೆಗೆ. ಬೇಸಿಗೆಯಲ್ಲಿ ಹಸಿರು ನೆಟ್ ಕಟ್ಟಿ, ಎಲೆ ಕೆಳಬದಿಗೆ ಬೆಳಿಗ್ಗೆ ನೀರು ಚಿಮುಕಿಸಿದರೆ ಕೆಂಪು ನುಸಿ ದೂರ ಇರುತ್ತೆ. ಒಂದು ಎಚ್ಚರ: ತೊಗರಿಗೆ ಹೊಡೆದು ಉಳಿದ ಡೈಮಿಥೋಯೇಟ್ ಔಷಧಿ ಇದೆ ಅಂತ ಎಲ್ಮ್‌ಗೆ ಹೊಡೆಯಬೇಡಿ, ಎಲೆ ಪೂರ್ತಿ ಉದುರಿಸಿಬಿಡಬಹುದು. ಬೇವಿನೆಣ್ಣೆ ಸಾಕು.

ಚೈನೀಸ್ ಎಲ್ಮ್ ಸಿಗಲಿಲ್ಲ ಅಂದರೆ ಬೇಜಾರು ಬೇಡ. ನಮ್ಮ ತಪಸಿ ಮರ ಇದೇ ಕುಟುಂಬದ್ದು, ಇಂಡಿಯನ್ ಎಲ್ಮ್ ಅಂತಲೇ ಹೆಸರು. ಬೇಸಿಗೆಯಲ್ಲಿ ಅದರ ರೆಕ್ಕೆ ಬೀಜ ಗಾಳಿಗೆ ಹಾರಿ ಬಂದು, ಮಳೆಗೆ ಕಂಪೌಂಡ್ ಗೋಡೆ ಬುಡದಲ್ಲೆಲ್ಲ ಸಸಿ ಏಳುತ್ತವೆ. ನಮ್ಮ ಬಿಸಿಲು ಅದಕ್ಕೆ ಹೊಸದಲ್ಲ, ಕಡಿದರೆ ಚಿಗುರುತ್ತೆ. ಎಲೆ ಮಾತ್ರ ದೊಡ್ಡದು, ಆದ್ದರಿಂದ ಅಂಗೈ ಗಾತ್ರದ ಬೋನ್ಸಾಯ್ ಆಸೆ ಬಿಟ್ಟು, ಎರಡಡಿ ಎತ್ತರದ ಮರ ಅಂತಲೇ ಯೋಚಿಸಿ ಬುಡವನ್ನು ಇನ್ನೂ ದಪ್ಪ ಮಾಡಿಕೊಳ್ಳಬೇಕು. ನಾನೂ ಒಂದನ್ನು ಹಾಸುಗಲ್ಲಿನ ಮೇಲೆ ಕೂರಿಸಿದ್ದೇನೆ.

ನನ್ನ ಎಲ್ಮ್‌ನ ಕೆಳಗಿನೆರಡು ತುಂಡು ಮುಗಿದಿವೆ, ಮೊದಲ ಗಾಯದ ಅಂಚು ಉರುಳಿ ಬಂದು ಬಹುಪಾಲು ಮುಚ್ಚಿದೆ. ಈ ಮೃಗಶಿರಾಕ್ಕೆ ಮೂರನೇ ಕಡಿತ. ಜೊತೆಗೇ ಬುಡದ ಬಲಿ ಕೊಂಬೆಗಳಲ್ಲಿ ಒಂದನ್ನು ತೆಗೆಯುತ್ತೇನೆ, ಇನ್ನೊಂದು ಇನ್ನೊಂದು ವರ್ಷ ಇರಲಿ, ಆ ಕಡೆಯ ಬೇರು ಇನ್ನೂ ಸಪೂರ ಇದೆ.